ಹಳೆಯ ದೇವಾಲಯದ ಜೀರ್ಣೋದ್ಧಾರವೂ ಅದಕ್ಕೆ ಬೇಕಾದ ಹಣವೂ

ಓದತಕ್ಕ ವೇದಭಾಗಗಳು: 2 ಅರಸುಗಳು 12:4-16; ನೆಹೆಮೀಯ 2; ಎಜ್ರ 5 ಮತ್ತು 6.



ಮಗ್ಗೆ, ಆಲೂರು, ಸಕಲೇಶಪುರಗಳ ಬೆಟ್ಟಸೀಮೆಯಲ್ಲಿ ವಾಸಿಸುವ ನಮಗೆ ಮಳೆಗಾಲವೆಂದರೇನೆಂದು ಯಾರೂ ಕಲಿಸಬೇಕಾದದ್ದಿಲ್ಲ. ಮೃಗಶಿರೆಯಿಂದ ಆಶ್ಲೇಷೆಯ ವರೆಗೆ ಬಿಡದೆ ಸುರಿಯುವಾಗ ಯಾವ ಹೆಂಚು ಸೀಳಿದೆ, ಯಾವ ತೊಲೆಯ ತುದಿ ಕೊಳೆತಿದೆ, ಯಾವ ಗೋಡೆ ನೀರು ಕುಡಿದಿದೆ ಎಂಬದೆಲ್ಲ ತಾನಾಗಿ ಬೈಲಿಗೆ ಬರುವದು. ಅಜ್ಜಂದಿರ ಕಾಲದಲ್ಲಿ ಕಟ್ಟಿದ ದೇವಾಲಯವುಳ್ಳ ಸಭೆಯಲ್ಲಿ ಆರಾಧನೆಯ ನಡುವೆ ಬಕೀಟು ಇಡುವ ಕೆಲಸ ಒಬ್ಬ ಹುಡುಗನ ಪಾಲಿಗೆ ಬಿದ್ದೇ ಇರುವದು. ಮಳೆ ನಿಂತ ಮೇಲೆ ಸಭೆಯ ಕೂಟದಲ್ಲಿ ಎರಡು ಮಾತು ಹುಟ್ಟುವವು. ಇದನ್ನು ಕೆಡವಿ ತಾರಸಿಯ ಕಟ್ಟಡವನ್ನು ಎಬ್ಬಿಸೋಣ ಎಂಬದು ಯುವಕರ ಮಾತು. ಇದಕ್ಕೆ ಹಣ ಕೊಡುವವರು ಎಲ್ಲಿಯಾದರೂ ಇದ್ದಾರೋ ಎಂಬದು ಹಿರಿಯರ ಮಾತು. ಈ ಪಾಠದಲ್ಲಿ ಹಿರಿಯರ ಪ್ರಶ್ನೆಯನ್ನು ವಿಚಾರಿಸುವೆವು. ಹೊರಗಿನವರ ಹಣವು ತನ್ನ ಕಟ್ಟಡವನ್ನು ತಾನೇ ನೋಡಿ, ಬರೆದು, ಲೆಕ್ಕವಿಟ್ಟುಕೊಂಡಿರುವ ಸಭೆಗೆ ಬರುವದೇ ಹೊರತು, ಬರಿಯ ಕಷ್ಟವನ್ನು ಹೇಳಿಕೊಳ್ಳುವ ಸಭೆಗೆ ಬರುವದು ಅಪರೂಪ. ಈ ಮಾತನ್ನು ವೇದದಿಂದಲೂ ನಮ್ಮ ದೇಶದಲ್ಲಿ ನಡೆದ ಸಂಗತಿಗಳಿಂದಲೂ ತೋರಿಸಬಹುದು.

ಯೆಹೋವಾಷ ಅರಸನು ದೇವಾಲಯದ ಬಿರುಕುಗಳನ್ನು ಸರಿಪಡಿಸಬೇಕೆಂದು ಯಾಜಕರಿಗೆ ಅಪ್ಪಣೆ ಕೊಟ್ಟಿದ್ದನು. ಹಣ ಬರುತ್ತಲೇ ಇತ್ತು. ಆದರೂ ಅವನ ಆಳಿಕೆಯ ಇಪ್ಪತ್ತಮೂರನೆಯ ವರುಷದ ತನಕ ಒಂದು ಬಿರುಕೂ ಮುಚ್ಚಲಿಲ್ಲ! ಯಾಜಕರು ಕಳ್ಳರಾಗಿದ್ದರೆಂದು ವೇದವು ಹೇಳುವದಿಲ್ಲ. ಬಂದ ಹಣವು ದಿನದ ಖರ್ಚಿನೊಂದಿಗೆ ಬೆರೆತು ಹೋಗುತ್ತಿತ್ತೆಂದು ನಾವು ಊಹಿಸಬಹುದು. ನಮ್ಮ ಸಭೆಗಳ ಪೆಟ್ಟಿಗೆಯ ಸಂಗತಿಯನ್ನು ಬಲ್ಲವರಿಗೆ ಈ ಊಹೆ ಕಷ್ಟವಲ್ಲ. ಆಗ ಮಹಾಯಾಜಕನಾದ ಯೆಹೋಯಾದನು ಮಾಡಿದ್ದನ್ನು ಗಮನಿಸಿರಿ. ಒಂದು ಪೆಟ್ಟಿಗೆಯನ್ನು ತಂದು, ಅದರ ಮುಚ್ಚಳದಲ್ಲಿ ತೂತು ಕೊರೆದು, ದೇವಾಲಯದೊಳಗೆ ಬರುವವರ ಬಲಗಡೆಯಲ್ಲಿ ವೇದಿಯ ಬಳಿ ಇಟ್ಟನು. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಕೂಡಿಬಂದು ಎಣಿಸಿ ಚೀಲಗಳಲ್ಲಿ ಕಟ್ಟಿದರು. ಆ ಹಣವು ಬಡಗಿಗಳಿಗೂ ಗೋಡೆ ಕಟ್ಟುವವರಿಗೂ ಕಲ್ಲುಕುಟಿಗರಿಗೂ, ಮರಕ್ಕೂ ಕೆತ್ತಿದ ಕಲ್ಲಿಗೂ ಹೋಯಿತು. ಬೆಳ್ಳಿಯ ಬಟ್ಟಲುಗಳನ್ನೂ ತುತೂರಿಗಳನ್ನೂ ಅದರಿಂದ ಮಾಡಿಸಲಿಲ್ಲ. ಯಾಜಕರಿಗೆ ಸಲ್ಲತಕ್ಕ ಹಣವನ್ನು ಇದರೊಳಗೆ ಸೇರಿಸಲೂ ಇಲ್ಲ.

ಇದರಲ್ಲಿ ನಮಗೆ ಎಷ್ಟು ಬುದ್ಧಿಯುಂಟು! ದುರಸ್ತಿಯ ಹಣದಿಂದ ಧ್ವನಿವರ್ಧಕವನ್ನು ಕೊಂಡುಕೊಳ್ಳಬಾರದು. ಅಯ್ಯನವರ ಸಂಬಳದ ಹಣವನ್ನು ಹೆಂಚಿಗೆ ತಿರುಗಿಸಲೂ ಬಾರದು. ಎಣಿಸುವಾಗ ಒಬ್ಬರೇ ಇರಬಾರದು. ಕೆಲವರು ಇದೇ ಅಧ್ಯಾಯದ ಹದಿನೈದನೆಯ ವಚನವನ್ನು ತೋರಿಸಿ, ಕೆಲಸ ಮಾಡಿಸಿದವರಿಂದ ಲೆಕ್ಕ ಕೇಳಲಿಲ್ಲವಲ್ಲ ಎಂದು ವಾದಿಸುವದುಂಟು. ಅಂಥವರು ಅದರ ಹಿಂದಿನ ವಚನಗಳನ್ನೂ ಓದಲಿ. ಹಣವು ಅವರ ಕೈಗೆ ಹೋಗುವದಕ್ಕೆ ಮುಂಚೆಯೇ ಇಬ್ಬರು ಎಣಿಸಿ ತೂಗಿ ಕೊಟ್ಟಿದ್ದರು. ಅಪೊಸ್ತಲನಾದ ಪೌಲನು ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಸಹ ತಾನೊಬ್ಬನೇ ಒಯ್ಯದೆ, ಮನುಷ್ಯರ ಮುಂದೆಯೂ ನಿಂದೆ ಬಾರದ ಹಾಗೆ ಜೊತೆಗಾರರನ್ನು ಇಟ್ಟುಕೊಂಡನು.

ಇನ್ನು ನೋಡುವ ವಿಷಯ. ನೆಹೆಮೀಯನು ಯೆರೂಸಲೇಮಿಗೆ ಬಂದು ಮೂರು ದಿವಸಗಳಾದ ಮೇಲೆ ರಾತ್ರಿಯಲ್ಲಿ ಕೆಲವರೊಂದಿಗೆ ಎದ್ದು, ಯಾರಿಗೂ ಹೇಳದೆ, ಗೋಡೆಯ ಒಂದೊಂದು ಭಾಗವನ್ನು ಸುತ್ತಿ ನೋಡಿದನು. ಒಂದು ಸ್ಥಳದಲ್ಲಿ ಅವನ ವಾಹನಪಶುವಿಗೆ ದಾಟಲು ದಾರಿಯೇ ಇರಲಿಲ್ಲ. ಎಲ್ಲವನ್ನು ನೋಡಿದ ನಂತರವೇ ಜನರ ಮುಂದೆ ಮಾತೆತ್ತಿದನು. ಅರಸನ ಬಳಿಯಲ್ಲಿಯೂ ಅವನು ಸುಮ್ಮನೆ ಸಹಾಯ ಬೇಕೆಂದು ಕೇಳಲಿಲ್ಲ. ಅಡವಿಯ ಅಧಿಕಾರಿಯಾದ ಆಸಾಫನಿಗೆ ಪತ್ರ ಬೇಕು, ಈ ಈ ಬಾಗಿಲಿಗೆ ತೊಲೆ ಬೇಕು, ಹೋಗಿಬರಲು ಇಷ್ಟು ಕಾಲ ಬೇಕು ಎಂದು ಕೇಳಿದನು. ಹಣ ಕೇಳುವ ಅರ್ಜಿಗೆ ಇದಕ್ಕಿಂತ ಒಳ್ಳೇ ಮಾದರಿಯನ್ನು ನಾವು ಕಾಣೆವು.

ಆದಕಾರಣ ಸಭೆಯ ಹಿರಿಯರು ಒಬ್ಬ ಬಡಗಿಯನ್ನೂ ಹಳೆಯ ಗಾರೆಕೆಲಸ ಬಲ್ಲ ಒಬ್ಬ ಮೇಸ್ತ್ರಿಯನ್ನೂ ಕರಕೊಂಡು ಮಳೆ ಸುರಿಯುವಾಗಲೇ ದೇವಾಲಯವನ್ನು ಒಳಗೂ ಹೊರಗೂ ಸುತ್ತಿಬರಲಿ. ಬೇಸಿಗೆಯಲ್ಲಿ ನೋಡಿದರೆ ಕಲೆ ಕಾಣುವದೇ ಹೊರತು ನೀರಿನ ದಾರಿ ಕಾಣುವದಿಲ್ಲ. ತೊಲೆಯು ಮೊದಲು ಕೊಳೆಯುವದು ಗೋಡೆಯೊಳಗೆ ಹೊಕ್ಕಿರುವ ತುದಿಯಲ್ಲಿ. ನಡುಭಾಗವು ಗಟ್ಟಿಯಾಗಿದ್ದರೆ ಇಡೀ ತೊಲೆಯನ್ನು ತೆಗೆಯಬೇಕಾದದ್ದಿಲ್ಲ, ತುದಿಗೆ ಮಾತ್ರ ಹೊಸ ಮರವನ್ನು ಬೆಸೆಯಬಹುದು. ಗೋಡೆಯ ಸಂದಿನಲ್ಲಿ ಹುಟ್ಟಿದ ಅರಳಿಯ ಸಸಿಯನ್ನು ಬೆರಳುದ್ದ ಇರುವಾಗ ಕಿತ್ತರೆ ಖರ್ಚಿಲ್ಲ. ಹತ್ತು ವರುಷ ಬಿಟ್ಟರೆ ಗೋಡೆಯನ್ನೇ ಬಿಚ್ಚಬೇಕಾದೀತು. ಹಳೆಯ ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿರಿ. ಗಣ್ ಎಂದರೆ ಒಳ್ಳೇದು, ಮಂಕಾಗಿ ಸದ್ದು ಮಾಡಿದರೆ ಸೀಳಿದೆ. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದಂದಿನಿಂದ ಕರಾವಳಿಯ ಹೆಂಚುಗಳಿಗೆ ಕಾರ್ಖಾನೆಯ ಹೆಸರನ್ನು ಒತ್ತುವ ಪದ್ಧತಿ ಉಂಟು. ನಿಮ್ಮ ಮಾಡಿನ ಹೆಂಚಿನ ಅಡಿಯಲ್ಲಿ ಅಂಥ ಮುದ್ರೆಯಿದ್ದರೆ ಅದನ್ನು ಬರೆದಿಟ್ಟುಕೊಳ್ಳಿರಿ. ಕಟ್ಟಡದ ವಯಸ್ಸನ್ನು ತಿಳಿಯಲು ಅದೂ ಒಂದು ಸಾಕ್ಷಿ.

ಗೋಡೆಯ ವಿಷಯದಲ್ಲಿ ಸ್ವಲ್ಪ ಹೆಚ್ಚಾಗಿ ಹೇಳಬೇಕಾಗಿದೆ. ಯಾಕಂದರೆ ಒಳ್ಳೇ ಮನಸ್ಸಿನಿಂದ ಕೊಟ್ಟ ಹಣವು ಹೆಚ್ಚಾಗಿ ಕೆಡುಕುಮಾಡುವದು ಇಲ್ಲಿಯೇ. ಹಿಂದಿನವರು ಸುಣ್ಣದ ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಮರಳಿನೊಂದಿಗೆ ಅರೆದು ಮಾಡಿದ ಗಾರೆಯಿಂದ ಕಲ್ಲು ಇಟ್ಟಿಗೆಗಳನ್ನು ಕೂಡಿಸಿದರು. ಆ ಗಾರೆಯು ಮಳೆಗಾಲದಲ್ಲಿ ತೇವವನ್ನು ಹೀರಿಕೊಳ್ಳುವದು, ಬಿಸಿಲು ಬಂದಾಗ ಹೊರಗೆ ಬಿಡುವದು. ಗೋಡೆ ಉಸಿರಾಡುವದೆಂದು ಮೇಸ್ತ್ರಿಗಳು ಹೇಳುವದು ಇದನ್ನೇ. ಅಂಥ ಗೋಡೆಯ ಮೇಲೆ ಸಿಮೆಂಟನ್ನು ಬಳಿದರೆ ಒಂದೆರಡು ವರುಷ ನುಣುಪಾಗಿ ಕಾಣುವದು. ಆದರೆ ನೆಲದಿಂದ ಏರಿದ ನೀರಿಗೆ ಹೊರಗೆ ಹೋಗುವ ದಾರಿ ಕಟ್ಟಿ ಹೋಗುವದು. ಆಗ ನೀರು ಒಳಗೇ ನಿಂತು ಹಳೆಯ ಗಾರೆಯನ್ನು ಪುಡಿಮಾಡುವದು, ಉಪ್ಪು ಹೊರಬಂದು ಗಿಲಾವು ಹೊಪ್ಪಳಿಕೆ ಏಳುವದು, ತೊಲೆಯ ತುದಿಯೂ ಅದೇ ತೇವದಲ್ಲಿ ಕೊಳೆಯುವದು. ಹಾಗೆಯೇ ಹೆಂಚಿನ ಮಾಡನ್ನು ಹೊರಲು ಕಟ್ಟಿದ ಗೋಡೆಯ ಮೇಲೆ ಕಾಂಕ್ರೀಟಿನ ತಾರಸಿಯನ್ನು ಹೊರಿಸಬಾರದು. ಸುಣ್ಣದ ಕೆಲಸವು ನಿಧಾನ. ಅದು ಗಾಳಿಯಿಂದ ಸ್ವಲ್ಪಸ್ವಲ್ಪವಾಗಿ ಗಟ್ಟಿಯಾಗತಕ್ಕದ್ದು. ಅವಸರದ ಗುತ್ತಿಗೆದಾರನಿಗೆ ಅದು ಹಿಡಿಸುವದಿಲ್ಲ. ಹಳೆಯ ಕಟ್ಟಡಗಳ ರಕ್ಷಣೆಗಾಗಿ 1984ರಲ್ಲಿ ಸ್ಥಾಪಿತವಾದ ಇನ್‌ಟ್ಯಾಕ್ ಎಂಬ ಸಂಸ್ಥೆಯವರಂಥ ತಿಳಿದವರಿಂದ ಒಂದು ವರದಿಯನ್ನು ಬರೆಯಿಸಿಕೊಂಡರೆ, ಕೆಲಸಕ್ಕೂ ಒಳ್ಳೇದು, ಅರ್ಜಿಗೂ ಬಲ.

ಕಾಗದಪತ್ರಗಳ ಸಂಗತಿಯನ್ನು ಎಜ್ರನ ಗ್ರಂಥದಿಂದ ಕಲಿಯೋಣ. ಯೆಹೂದ್ಯರು ದೇವಾಲಯವನ್ನು ತಿರಿಗಿ ಕಟ್ಟುತ್ತಿದ್ದಾಗ ಆ ಸೀಮೆಯ ಅಧಿಕಾರಿಗಳು ಬಂದು, ನಿಮಗೆ ಅಪ್ಪಣೆ ಕೊಟ್ಟವರಾರು ಎಂದು ಕೇಳಿದರು. ಕೋರೆಷ ಅರಸನು ಕೊಟ್ಟ ಅಪ್ಪಣೆಯ ಸುರುಳಿಯನ್ನು ಹುಡುಕಲಾಗಿ ಮೇದ್ಯ ಸೀಮೆಯ ಅರಮನೆಯಲ್ಲಿ ಅದು ಸಿಕ್ಕಿತು. ಅದರಲ್ಲಿ ಕಟ್ಟಡದ ಅಳತೆಯೂ ಇತ್ತು, ಖರ್ಚನ್ನು ಯಾರು ಕೊಡತಕ್ಕದ್ದೆಂಬದೂ ಇತ್ತು. ಒಂದು ಹಳೆಯ ಕಾಗದವು ಉಳಿದಿದ್ದರಿಂದ ನಿಂತುಹೋಗಬಹುದಾಗಿದ್ದ ಕೆಲಸವು ಮುಗಿಯಿತು. ನಮ್ಮ ದೇವಾಲಯದ ನೆಲದ ಪತ್ರವೆಲ್ಲಿದೆ? ಪಹಣಿಯಲ್ಲಿ ಯಾರ ಹೆಸರಿದೆ? ಹಳೆಯ ದೀಕ್ಷಾಸ್ನಾನದ ಪುಸ್ತಕವೂ ಮದುವೆಯ ಪುಸ್ತಕವೂ ಗೆದ್ದಲಿನ ಪಾಲಾಗಿವೆಯೋ? ಹಣ ಕೊಡುವವರು ಮೊದಲು ಕೇಳುವದು ಇದನ್ನೇ.

ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. 1947ರಲ್ಲಿ ಹುಟ್ಟಿದ ದಕ್ಷಿಣ ಇಂಡಿಯಾ ಸಭೆಗೆ ಸೇರಿದ ದೇವಾಲಯಗಳ ಆಸ್ತಿಯು ಸಾಮಾನ್ಯವಾಗಿ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಶನಿನ ವಶದಲ್ಲಿರುವದು. ಆದ್ದರಿಂದ ಊರಿನ ಸಭೆಯು ಬಿಷಪ್ಪರ ಕಚೇರಿಯ ಒಪ್ಪಿಗೆಯಿಲ್ಲದೆ ಯಾರಿಗೂ ಮಾತು ಕೊಡಲಾಗದು. ಬ್ಯಾಪ್ಟಿಸ್ಟರ ಪದ್ಧತಿ ಬೇರೆ. ಅವರಲ್ಲಿ ಬಿಷಪ್ಪರಿಲ್ಲ, ಒಂದೊಂದು ಸಭೆಯು ತನ್ನನ್ನು ತಾನೇ ಆಳಿಕೊಳ್ಳುವದು. ಅದರಲ್ಲಿ ಸ್ವಾತಂತ್ರ್ಯವುಂಟು; ಆದರೆ ಮಾಡು ಸೋರಿದಾಗ ಬೇರೆಯವರ ಮುಖ ನೋಡುವ ಹಾಗಿಲ್ಲ.

ಬ್ಯಾಪ್ಟಿಸ್ಟರ ಹೆಸರು ಬಂದ ಮೇಲೆ ಬಂಗಾಳದ ಶ್ರೀರಾಮಪುರವನ್ನು ನೆನಸದೆ ಇರಲಾಗದು. ಇಂಗ್ಲಿಷರು ಸೆರಾಂಪೂರ್ ಎಂದು ಕರೆದ ಈ ಊರು ಹೂಗ್ಲಿ ನದಿಯ ದಡದಲ್ಲಿ ಡೇನರ ವಶದಲ್ಲಿತ್ತು. 1800ರಲ್ಲಿ ವಿಲಿಯಂ ಕೇರಿ ಇಲ್ಲಿಗೆ ಬಂದು, ಮಾರ್ಷ್‌ಮನ್, ವಾರ್ಡ್ ಎಂಬವರೊಂದಿಗೆ ಬ್ಯಾಪ್ಟಿಸ್ಟ್ ಮಿಶನನ್ನೂ ಅಚ್ಚುಕೂಟವನ್ನೂ ನಡಿಸಿದನು. ನಮ್ಮ ಕನ್ನಡ ಭಾಷೆಯ ವ್ಯಾಕರಣವೊಂದನ್ನು ಕೇರಿಯು 1817ರಲ್ಲಿ ಇಲ್ಲಿಂದಲೇ ಪ್ರಕಟಿಸಿದನು. ಅದಕ್ಕೆ ಐದು ವರುಷ ಮುಂಚೆ, 1812ರ ಮಾರ್ಚ್ 11ರಂದು, ಅಚ್ಚುಕೂಟಕ್ಕೆ ಬೆಂಕಿ ಬಿದ್ದು, ಕಾಗದ, ಅಕ್ಷರ, ಕೈಬರಹಗಳು ಸುಟ್ಟುಹೋದವು. ವಾರ್ಡನು ಬೂದಿಯನ್ನು ಕೆದಕಿ, ಅಕ್ಷರಗಳನ್ನು ಎರಕ ಹೊಯ್ಯುವ ಉಕ್ಕಿನ ಅಚ್ಚುಗಳು ಉಳಿದಿರುವದನ್ನು ಕಂಡು, ಕರಗಿದ ಲೋಹದಿಂದಲೇ ಹೊಸ ಅಕ್ಷರಗಳನ್ನು ಹೊಯ್ಯಿಸತೊಡಗಿದನು. ಕೆಲವು ವಾರಗಳಲ್ಲಿ ಕೆಲಸವು ತಿರಿಗಿ ನಡೆಯಿತು. ಸುದ್ದಿಯು ಹಡಗಿನ ಮೇಲೆ ಇಂಗ್ಲೆಂಡಿಗೆ ಮುಟ್ಟಲು ತಿಂಗಳುಗಳೇ ಹಿಡಿದವು. ಅಲ್ಲಿ ಆಂಡ್ರ್ಯೂ ಫುಲ್ಲರನೂ ಇತರರೂ ಸಭೆಗಳಿಗೆ ತಿಳಿಸಲಾಗಿ ಸುಮಾರು ಎರಡು ತಿಂಗಳೊಳಗೆ ಹತ್ತು ಸಾವಿರ ಪೌಂಡುಗಳು ಕೂಡಿದವು. ಆ ಹಣವು ಬೂದಿಯ ಮುಂದೆ ಕೈಕಟ್ಟಿ ಕೂತವರಿಗೆ ಬರಲಿಲ್ಲ.

ಅದೇ ಊರಿನಲ್ಲಿ ಡೇನರು ಕಟ್ಟಿಸಿದ ಸಂತ ಓಲಾಫನ ದೇವಾಲಯವಿದೆ. ಗವರ್ನರನಾದ ಓಲೆ ಬೀ ಎಂಬವನು ಅದಕ್ಕಾಗಿ ಹಣ ಕೂಡಿಸಿ 1800ರಲ್ಲಿ ಕೆಲಸವನ್ನು ಆರಂಭಿಸಿದನು. ಹಣವು ಡೆನ್ಮಾರ್ಕಿನಿಂದಲೂ ಕಲ್ಕತ್ತೆಯಿಂದಲೂ ಬಂತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಗವರ್ನರ್ ಜನರಲನಾಗಿದ್ದ ವೆಲ್ಲೆಸ್ಲಿಯೂ ಕೊಟ್ಟವರಲ್ಲಿ ಒಬ್ಬನು. ಓಲೆ ಬೀ 1805ರಲ್ಲಿ ತೀರಿಹೋದನು. ಕಟ್ಟಡವು 1806ರಲ್ಲಿ ಮುಗಿಯಿತು. ಇದು ಬ್ಯಾಪ್ಟಿಸ್ಟರ ಸ್ವಂತ ದೇವಾಲಯವಲ್ಲದಿದ್ದರೂ ಕೇರಿ ಮತ್ತು ಅವನ ಜೊತೆಗಾರರು ಅಲ್ಲಿ ಪ್ರಸಂಗಿಸಿದರು. 1845ರಲ್ಲಿ ಡೇನರು ಊರನ್ನು ಇಂಗ್ಲಿಷರಿಗೆ ಮಾರಿ ಹೊರಟುಹೋದರು. ಇನ್ನೂರು ವರುಷಗಳ ಮಳೆಯ ತರುವಾಯ ಮಾಡು ಅಪಾಯಕ್ಕೆ ಬಂದು ದೇವಾಲಯವನ್ನು ಮುಚ್ಚಬೇಕಾಯಿತು. ಆಗ ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದವರು ಕೈಹಾಕಿ, ಇಲ್ಲಿಯ ಸಭೆಯವರೊಂದಿಗೆ ಕೂಡಿ 2013ರಲ್ಲಿ ಜೀರ್ಣೋದ್ಧಾರವನ್ನು ಆರಂಭಿಸಿದರು. 2016ರ ಏಪ್ರಿಲಿನಲ್ಲಿ ಬಾಗಿಲು ತಿರಿಗಿ ತೆರೆಯಿತು. ಅದೇ ವರುಷ ಯುನೆಸ್ಕೋ ಸಂಸ್ಥೆಯು ಆ ಕೆಲಸಕ್ಕೆ ಬಹುಮಾನ ಕೊಟ್ಟಿತು.

ಮಾರಿ ಹೋದ ಊರಿನ ದೇವಾಲಯಕ್ಕೆ ಡೇನರು ಯಾಕೆ ಹಣ ಕೊಟ್ಟರು? ತಮ್ಮ ಪೂರ್ವಿಕರ ಚರಿತ್ರೆಯು ಆ ಗೋಡೆಗಳಲ್ಲಿ ಉಂಟೆಂದು ಅವರಿಗೆ ತಿಳಿದಿತ್ತು. ಯಾರು ಕಟ್ಟಿದರು, ಯಾವಾಗ, ಯಾರ ಹಣದಿಂದ ಎಂಬದೆಲ್ಲ ಬರೆದಿಟ್ಟು ಉಳಿದಿತ್ತು. ನಿಮ್ಮ ದೇವಾಲಯದ ಅಸ್ತಿವಾರದ ಕಲ್ಲಿನಲ್ಲಿ ಹೆಸರಿದ್ದವನ ಸಂತತಿಯವರು, ಅಲ್ಲಿ ದೀಕ್ಷಾಸ್ನಾನ ಹೊಂದಿ ಬೆಂಗಳೂರಿಗೋ ಮುಂಬಯಿಗೋ ಹೋದವರ ಮಕ್ಕಳು, ಸಮಾಧಿಯ ತೋಟದಲ್ಲಿ ಮಲಗಿರುವವರ ಮೊಮ್ಮಕ್ಕಳು, ಇವರೇ ನಿಮ್ಮ ಡೇನರು. ಇವರ ಹೆಸರಿನ ಪಟ್ಟಿಯೊಂದು ನಿಮ್ಮಲ್ಲಿದೆಯೋ?

ಇದಕ್ಕೆ ಪ್ರತಿಯಾದ ಒಂದು ಸಂಗತಿಯು ನಮ್ಮ ಹಾಸನದ ಸೀಮೆಯಲ್ಲಿಯೇ ಉಂಟು. ಸಕಲೇಶಪುರವನ್ನು ಮುಟ್ಟಿ ಹರಿದುಹೋಗುವ ಹೇಮಾವತಿಯು ಗೊರೂರಿನ ಹತ್ತಿರ ಅಣೆಕಟ್ಟಿಗೆ ಸಿಕ್ಕಿ ನಿಲ್ಲುತ್ತದೆ. ಅದರ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಜಪಮಾಲೆಯ ದೇವಾಲಯವಿದೆ. ಫ್ರೆಂಚ್ ಮಿಶನರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ರೋಮನ್ ಕಥೋಲಿಕರ ದೇವಾಲಯವದು. 1979ರಲ್ಲಿ ಅಣೆಕಟ್ಟು ಮುಗಿಯಲು ಹಳ್ಳಿಗಳು ಮುಳುಗಿ, ಜನರು ಬೇರೆ ಕಡೆಗೆ ಹೋಗಿ ನೆಲೆಸಬೇಕಾಯಿತು. ಈಗ ಮಳೆಗಾಲದಲ್ಲಿ ಅದರ ಗೋಡೆಗಳು ಅರ್ಧ ನೀರಿನಲ್ಲಿ ನಿಲ್ಲುವವು, ಬೇಸಿಗೆಯಲ್ಲಿ ನಡೆದು ಹೋಗಬಹುದು. ಮಾಡಿಲ್ಲ. ನೋಡುವದಕ್ಕೆ ದೂರದ ಊರುಗಳಿಂದ ಜನರು ಬರುವರು, ಚಿತ್ರ ತೆಗೆದುಕೊಂಡು ಹೋಗುವರು. ನಮ್ಮ ಸಭೆಯದಲ್ಲದಿದ್ದರೂ ಅದನ್ನು ಕಂಡು ಮನಸ್ಸು ನೋಯದಿರುವದಿಲ್ಲ. ಆ ಸಭೆಯವರ ತಪ್ಪೇನೂ ಇಲ್ಲ. ನದಿಯ ನೀರು ಬೇರೆ ತಾಲೂಕುಗಳ ಗದ್ದೆಗಳಿಗೆ ಬೇಕಾಗಿತ್ತು. ಆದರೆ ಆದಿತ್ಯವಾರದಲ್ಲಿ ಬಾಗಿಲು ತೆರೆದು ಕಸ ಗುಡಿಸುವವರಿಲ್ಲದ ಕಟ್ಟಡವನ್ನು ಮೆಚ್ಚುವವರು ಎಷ್ಟು ಮಂದಿ ಇದ್ದರೂ ಉಳಿಸುವದು ಎಷ್ಟು ಕಷ್ಟವೆಂಬದನ್ನು ಅಲ್ಲಿ ಹೋಗಿ ನೋಡಬಹುದು. ನಿಮ್ಮ ಸಭೆಯಲ್ಲಿ ಇಪ್ಪತ್ತೇ ಮನೆಗಳಿದ್ದರೂ, ಆ ಇಪ್ಪತ್ತು ಮನೆಗಳೇ ಅರ್ಜಿಯ ಮೊದಲನೆಯ ಸಾಲು.

ಇನ್ನು ಕೊಡುವವರ ವಿಷಯವನ್ನು ಸಂಕ್ಷೇಪವಾಗಿ ಹೇಳುವೆವು. ಸರಕಾರದ ಹಣವನ್ನು ಹಕ್ಕಿನಿಂದ ಕೇಳಬಹುದೋ ಎಂದು ಕೆಲವರು ಕೇಳುವರು. ಗುಜರಾತಿನಲ್ಲಿ 2002ರ ಗಲಭೆಗಳಲ್ಲಿ ಹಾಳಾದ ಆರಾಧನಾಸ್ಥಳಗಳನ್ನು ಸರಕಾರದ ಖರ್ಚಿನಿಂದ ಸರಿಪಡಿಸಬೇಕೆಂದು ಅಲ್ಲಿಯ ಹೈಕೋರ್ಟು 2012ರಲ್ಲಿ ತೀರ್ಪು ಮಾಡಿತ್ತು. ಸುಪ್ರೀಂ ಕೋರ್ಟು 2017ರ ಆಗಸ್ಟಿನಲ್ಲಿ ಅದನ್ನು ತಳ್ಳಿಬಿಟ್ಟು, ಸಂವಿಧಾನದ 27ನೆಯ ವಿಧಿಯನ್ನು ತೋರಿಸಿ, ಸರಕಾರವು ತಾನಾಗಿ ಒಪ್ಪಿದ ಪರಿಮಿತ ಸಹಾಯವನ್ನು ಮಾತ್ರ ನಿಲ್ಲಿಸಿತು. ಅದು ಒಂದು ಕಟ್ಟಡಕ್ಕೆ ಹೆಚ್ಚೆಂದರೆ 50,000 ರೂಪಾಯಿ. ಆದಕಾರಣ ಸರಕಾರದ ಸಹಾಯವನ್ನು ಹಕ್ಕೆಂದು ನಂಬಿ ಕೂತಿರಬಾರದು. ಆದರೂ ಕರ್ನಾಟಕ ಸರಕಾರವು ಅಲ್ಪಸಂಖ್ಯಾತರ ನಿರ್ದೇಶನಾಲಯದ ಮೂಲಕ ಕ್ರೈಸ್ತ ದೇವಾಲಯಗಳ ದುರಸ್ತಿಗೆ ಅನುದಾನ ಕೊಟ್ಟದ್ದುಂಟು. ಅಂಥದ್ದು ಇದೆಯೋ, ಅದರ ನಿಬಂಧನೆಗಳೇನು ಎಂಬದನ್ನು ಹಾಸನದ ಜಿಲ್ಲಾ ಕಚೇರಿಯಲ್ಲಿಯೇ ವಿಚಾರಿಸಬೇಕು. ಮಧ್ಯವರ್ತಿಗಳ ಮಾತನ್ನು ನಂಬಿ ಹಣ ಕೊಡಬಾರದು.

ಪರದೇಶದ ಹಣದಲ್ಲಿ ಬಹಳ ಜಾಗ್ರತೆ ಬೇಕು. ಪರದೇಶದ ದೇಣಿಗೆಯ ವಿಷಯವಾದ 2010ರ ಕಾನೂನಿನ ಪ್ರಕಾರ ಕೇಂದ್ರ ಸರಕಾರದಲ್ಲಿ ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದ ಸಭೆಯು ಅದನ್ನು ತೆಗೆದುಕೊಳ್ಳಲೇಬಾರದು. 2020ರ ತಿದ್ದುಪಡಿಯಿಂದ ಆ ಹಣವು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರತಕ್ಕದ್ದು. ಒಂದು ಸಂಸ್ಥೆಯು ತಾನು ಪಡೆದದ್ದನ್ನು ಮತ್ತೊಂದು ಸಂಸ್ಥೆಗೆ ದಾಟಿಸುವದೂ ನಿಂತುಹೋಯಿತು. ಹಿಂದೆ ಮಿಶನರಿ ದೊರೆಗಳಿಗೆ ಪತ್ರ ಬರೆದು ತರಿಸಿಕೊಂಡಂತೆ ಈಗ ಆಗದು. ಆದರೆ ನಮ್ಮ ಊರಿನ ಮಗನೊಬ್ಬನು ಗಲ್ಫ್ ಸೀಮೆಯಲ್ಲಿ ದುಡಿಯುತ್ತಾ ಭಾರತದ ಪ್ರಜೆಯಾಗಿಯೇ ಉಳಿದಿದ್ದರೆ, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವದು ಪರದೇಶದ ದೇಣಿಗೆ ಎಣಿಸಲ್ಪಡುವದಿಲ್ಲ. ಅವನು ಬೇರೆ ದೇಶದ ಪ್ರಜೆಯಾಗಿದ್ದರೆ ಎಣಿಸಲ್ಪಡುವದು. ಈ ಭೇದವನ್ನು ತಿಳಿಯದೆ ನೂರು ಡಾಲರನ್ನು ತೆಗೆದುಕೊಂಡರೂ ಇಡೀ ಸಭೆಗೆ ತೊಂದರೆಯುಂಟು. ನೆರೆಹೊರೆಯವರ ಸಂಶಯವು ಬೇರೆ.

ಕಡೆಗೆ ಸ್ವಂತ ಸಭೆಯ ಕಾಣಿಕೆ. ಸುಗ್ಗಿಯ ಸ್ತೋತ್ರಾರಾಧನೆಯಲ್ಲಿ ಹರಾಜಾಗುವ ಕಾಫಿ, ಮೆಣಸು, ಏಲಕ್ಕಿ, ಭತ್ತ, ಕೋಳಿಗಳ ಹಣದಲ್ಲಿ ಒಂದು ಪಾಲನ್ನು ಯೆಹೋಯಾದನ ಪೆಟ್ಟಿಗೆಯಂಥ ಪ್ರತ್ಯೇಕ ಪೆಟ್ಟಿಗೆಗೆ ಹಾಕಲಿ. ತಾಯಂದಿರು ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಇಡಲಿ. ಕೂಲಿಯವರು ಹಣವಿಲ್ಲದಿದ್ದರೆ ಹೆಂಚು ಇಳಿಸುವ ದಿವಸ ಬಂದು ಕೈಸಾಲಿನಲ್ಲಿ ನಿಲ್ಲಲಿ; ಆ ದಿವಸದ ಕೂಲಿಯನ್ನೂ ಅವರ ಹೆಸರಿನಲ್ಲಿ ಪುಸ್ತಕದಲ್ಲಿ ಬರೆಯಬೇಕು. ಮೊತ್ತವು ಚಿಕ್ಕದಾಗಿರಬಹುದು. ಆದರೆ ಅರ್ಜಿಯೊಂದಿಗೆ ಈ ಪುಸ್ತಕದ ನಕಲು ಹೋದರೆ, ಓದುವವನು ಮೊತ್ತಕ್ಕಿಂತ ಹೆಸರುಗಳ ಸಂಖ್ಯೆಯನ್ನು ನೋಡುವನು.

ಕಾಲವನ್ನೂ ಗೊತ್ತುಮಾಡಿಕೊಳ್ಳಿರಿ. ಈ ಮಳೆಗಾಲದಲ್ಲಿ ಸೋರುವ ಸ್ಥಳಗಳನ್ನು ನೋಡಿ ಬರೆಯುವದು. ದೀಪಾವಳಿಯ ಹೊತ್ತಿಗೆ ನೆಲದ ಪತ್ರಗಳನ್ನು ಹುಡುಕಿ ಖರ್ಚಿನ ಅಂದಾಜನ್ನು ಬರೆಯಿಸುವದು. ಕ್ರಿಸ್ಮಸಿಗೆ ಊರಿಗೆ ಬರುವ ಮಕ್ಕಳಿಗೆ ಅದನ್ನು ತೋರಿಸುವದು. ಕಾಫಿ ಕೊಯ್ಲು ಮುಗಿದು ಆಳುಗಳ ಕೈ ಬಿಡುವಾದಾಗ, ಫೆಬ್ರುವರಿಯ ಕಡೆಯಲ್ಲಿ, ಹೆಂಚು ಇಳಿಸಬಹುದು. ಹೂಮಳೆ ಯಾವ ಸಾಯಂಕಾಲ ಬಂದೀತೋ ಹೇಳಲಾಗದು; ಆದ್ದರಿಂದ ಮಾಡನ್ನು ಒಮ್ಮೆಗೇ ಬಿಚ್ಚದೆ ಒಂದೊಂದು ಅಂಕಣವಾಗಿ ಬಿಚ್ಚಬೇಕು, ಹೊದಿಸಲು ಟಾರ್ಪಾಲು ಕೈಯಲ್ಲಿರಬೇಕು. ಸುಣ್ಣದ ಗಾರೆ ಆರಲು ಏಪ್ರಿಲ್ ಮೇ ತಿಂಗಳುಗಳು ಬೇಕು. ರೋಹಿಣಿಯ ಮಳೆಗೆ ಮುಂಚೆ ಕಡೆಯ ಹೆಂಚು ಕೂತಿರಬೇಕು.